ಸರ್ಕಿಯ ಶಾಲೆ

ಶುಂಠಿ ಹಾಕಿ ಕುದಿಸಿದ ಕೆಂಪು ದಾಸವಾಳದ ವಾಸನೆ ಎಲ್ಲಿಂದ ಬಂದರೂ ನನಗೆ ಮೊದಲು ನೆನಪಾಗುವುದು ದೋಹಾದ ಮುಶೈರಿಬಿನಲ್ಲಿದ್ದ ನಮ್ಮ ಹಳೆಯ ಕಟ್ಟಡದ ಮೆಟ್ಟಿಲು. ಅದರ ಬೆನ್ನಿಗೇ ಸಿಟ್ಟು ಬರುತ್ತದೆ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಆ ಪಾನಕ ಕುದಿಸುತ್ತಿದ್ದವರು ಕಟ್ಟಡದ ಕಾವಲಿನ ಅಜ್ಜ. ನೈಜೀರಿಯಾದ ಹೌಸಾ ಜನ. ಹಜ್ಜಿಗೆಂದು ಹೊರಟು, ದಾರಿಯ ಊರುಗಳಲ್ಲಿ ದುಡಿಯುತ್ತ ದುಡಿಯುತ್ತ ಇಲ್ಲಿಗೆ ಬಂದು ನಿಂತವರು. ಸಂಜೆ ನಮಗೆಲ್ಲ ಕುರ್‌ಆನ್ ಓದಿಸುತ್ತಿದ್ದರು. ಅವರ ಕಡೆ ಮೇಷ್ಟರಿಗೆ ‘ಮಾಲಂ’ ಎನ್ನುತ್ತಾರಂತೆ. ನನ್ನ ಉಮ್ಮನ ಬಾಯಲ್ಲಿ ಅದು ‘ಮುಲಾಮು’ ಆಯಿತು. “ಮುಲಾಮಜ್ಜನಿಗೆ ಎರಡು ನೀರುದೋಸೆ ಕೊಟ್ಟು ಬಾ” ಎಂದು ಕಳಿಸುತ್ತಿದ್ದಳು.

ದೋಸೆ ತಿನ್ನುತ್ತ ಮಾಲಂ ಸರ್ಕಿಯ ಕಥೆ ಹೇಳುತ್ತಿದ್ದರು. ಸರ್ಕಿ ಎಂದರೆ ಅವರ ಊರಿನ ದೊರೆ. ಬ್ರಿಟಿಷರ ಕಾಲದ ಮಾತು. ಆ ದೊರೆ ತೆರೆಸಿದ ಶಾಲೆಯಲ್ಲೇ ಕಲಿತವರಾದ್ದರಿಂದ ನನ್ನೊಡನೆ ಅವರದು ಇಂಗ್ಲಿಷು. ಮಣ್ಣಿನ ಕೋಟೆಯ ಆ ಊರಿಗೆ ನಲ್ಲಿನೀರು, ದೀಪ, ಆಸ್ಪತ್ರೆ ತರಲು ಸರ್ಕಿ ಪಟ್ಟ ಪಾಡು ಅಷ್ಟಿಷ್ಟಲ್ಲ. ದೊರೆ ಕುದುರೆಯ ಮೇಲೆ ಕೂತು, ಛತ್ರಿ ಹಿಡಿಸಿಕೊಂಡು, ಕಹಳೆ ಊದಿಸಿಕೊಂಡು ಇದ್ದರೆ ಬಿಳಿ ಅಧಿಕಾರಿಗೆ ಅಷ್ಟೇ ಸಾಕಿತ್ತು. ಶಾಲೆ ಎಂದೊಡನೆ ‘ಇಷ್ಟೇಕೆ ಅವಸರ’ ಎನ್ನುತ್ತಿದ್ದನಂತೆ. ಊರಿನ ಹಿರಿಯರಿಗೋ, ಶಾಲೆ ಹೆಣ್ಣುಮಕ್ಕಳು ಕೆಡುವ ಜಾಗ. ಯಾರೂ ಮಗಳನ್ನು ಕಳಿಸದಿದ್ದಾಗ ಸರ್ಕಿ ತನ್ನ ಹೆಣ್ಣುಮಕ್ಕಳನ್ನೇ ತಂದು ಮೊದಲ ಸಾಲಿನಲ್ಲಿ ಕೂರಿಸಿದ. ಅದನ್ನು ಕಂಡು ಮಾಲಂ ಅವರ ಅಕ್ಕನಿಗೂ ಶಾಲೆ ಸಿಕ್ಕಿತು. “ಇಡೀ ಬೀದಿಯ ಕಾಗದ ಓದುತ್ತಿದ್ದವಳು ನನ್ನ ಅಕ್ಕ” ಎನ್ನುವಾಗ ಅವರ ಮುಖ ನೋಡಬೇಕಿತ್ತು.

ದೋಹಾದ ಇಂಗ್ಲಿಷ್ ಶಾಲೆಯಲ್ಲಿ ನನ್ನ ಏಳನೆಯ ತರಗತಿ ಮುಗಿಯಿತು. ಪಕ್ಕದ ಗಲ್ಲಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಬಾಪ, “ಹೆಣ್ಣುಮಗಳಿಗೆ ಇನ್ನೆಂತ ಓದು? ಖಲಾಸ್” ಎಂದುಬಿಟ್ಟರು. ಮಾಲಂ ಎದುರು ಕೂತು ಅತ್ತೆ. ಆ ಶುಕ್ರವಾರ ನಮಾಜು ಮುಗಿಸಿ, ಕಸೂತಿಯ ಟೋಪಿ ತಲೆಗಿಟ್ಟು, ಅವರು ನಮ್ಮ ಮನೆಗೆ ಹತ್ತಿ ಬಂದರು. ಬಾಪನಿಗೆ ಇಂಗ್ಲಿಷ್ ಬಾರದು. ಮಾಲಂ ಅವರ ಹಿಂದಿ ದೋಹಾದ ಅಂಗಡಿಗಳಲ್ಲಿ ಹೆಕ್ಕಿಕೊಂಡದ್ದು. “ಸರ್ಕಿ ಸ್ಕೂಲ್! ಬಿಂತ್ ಭೇಜೋ! ಬಹುತ್ ಅಚ್ಛಾ!” ಎಂದರು. ಸರ್ಕಿಯ ಹಾಗೆ ನೀನೂ ಮಗಳನ್ನು ಓದಿಸು ಎಂದು ಅದರ ಅರ್ಥ.

ಬಾಪನ ಮುಖ ಅರಳಿತು. “ಕೇಳಿದೆಯಾ?” ಎಂದು ಉಮ್ಮನನ್ನು ಕೂಗಿದರು. “ಸರ್ಕಾರಿ ಸ್ಕೂಲಿಗೆ ಕಳಿಸ್ಲಿಕ್ಕೆ ಹೇಳ್ತಾರೆ ಇವರು. ಊರಲ್ಲಿ, ಉಪ್ಪಿನಂಗಡಿಯಲ್ಲಿ ನಿನ್ನ ಉಮ್ಮನ ಮನೆ ಹತ್ತಿರವೇ ಉಂಟಲ್ಲ, ಫೀಸೂ ಇಲ್ಲ! ನನಗೆ ಹೊಳೀಲೇ ಇಲ್ಲ ನೋಡು.”

“ಸರ್ಕಾರಿ ಅಲ್ಲ ಬಾಪ, ಸರ್ಕಿ...”

“ದೊಡ್ಡವರು ಮಾತಾಡುವಾಗ ಬಾಯಿ ಹಾಕ್ಬೇಡ.”

ಮಾಲಂ ಕಡೆ ತಿರುಗಿದೆ. ಅವರೂ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಬಿಟ್ಟರು. ನಾನು ಓದಬೇಕೆಂದು ವಾದಿಸಲು ಬಂದ ಮನುಷ್ಯನೇ ನನಗೆ ಒಂದು ಮಾತು ಮುಗಿಸಲು ಬಿಡಲಿಲ್ಲ! ನೆನೆದರೆ ಈಗಲೂ ಮೈ ಉರಿಯುತ್ತದೆ. ಇಬ್ಬರೂ ಗೆದ್ದವರ ಹಾಗೆ ಕೈ ಕುಲುಕಿಕೊಂಡರು. ಉಮ್ಮ ಸುಲೈಮಾನಿ ಚಹಾ ತಂದಳು.

ಆಮೇಲೆ ಬಿಡಿಸಿ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಉಮ್ಮನಿಗೆ ಹೇಳಿದೆ. “ಸುಮ್ಮನಿರು ಮಗಳೇ, ಬಾಪ ಪುನಃ ಖಲಾಸ್ ಅಂದರೆ ಇದೂ ಇಲ್ಲ” ಎಂದಳು. ಅದು ನಿಜವಾಗಿತ್ತು. ನನ್ನನ್ನು ಉಪ್ಪಿನಂಗಡಿಗೆ ಕಳಿಸಿದ ದಿನ ಅವಳ ಬುರ್ಖಾದ ತುದಿ ಹಿಡಿದು ಏರ್‌ಪೋರ್ಟಿನಲ್ಲಿ ಅತ್ತೆನೇ ಹೊರತು ಬಾಯಿ ಬಿಡಲಿಲ್ಲ.

ಎರಡು ವರ್ಷದ ಮೇಲೆ ರಜೆಯಲ್ಲಿ ದೋಹಾಕ್ಕೆ ಬಂದಾಗ ಮಾಲಂ ಕಣ್ಣು ಮಂಜಾಗಿತ್ತು. ಹೆಜ್ಜೆಯ ಸದ್ದಿನಿಂದಲೇ ಗುರುತು ಹಿಡಿದು, “ಸರ್ಕಿಯ ಶಾಲೆ ಹೇಗಿದೆ?” ಎಂದರು. “ಚೆನ್ನಾಗಿದೆ, ಮಾಲಂ” ಎಂದೆ. ಲೋಟ ತುಂಬ ಕೆಂಪು ಪಾನಕ ಬಗ್ಗಿಸಿ ಕೊಟ್ಟರು.

ಆ ಮೆಟ್ಟಿಲು ಇಂದಿಲ್ಲ. ಅಲ್ಲೀಗ ಗಾಜಿನ ಆಫೀಸುಗಳು. ಮಾಲಂ ಇಲ್ಲ, ಬಾಪನೂ ಇಲ್ಲ. ಜಗಳವಾಡೋಣವೆಂದರೆ ಯಾರ ಹತ್ತಿರ ಆಡಲಿ? ಹನ್ನೆರಡು ವರ್ಷದವಳು ಒಂದನೇ ಕ್ಲಾಸಿನ ಮಕ್ಕಳ ಪುಸ್ತಕ ಹಿಡಿದು ಕಲಿತ ಕನ್ನಡ ಇದು. ಮಾಲಂ ಅಕ್ಕನ ಹಾಗೆ ನಾನೂ ಅಜ್ಜಿಯ ಬೀದಿಯ ಕಾಗದಗಳನ್ನೆಲ್ಲ ಓದಿ ಹೇಳುತ್ತಿದ್ದೆ. ದೋಹಾದ ನಮ್ಮ ಮನೆಯಲ್ಲಿ ಆದದ್ದು ಹೋದದ್ದನ್ನೂ ಹಾಗೆ, ದೂರದಿಂದ, ಕಾಗದದಲ್ಲೇ ಓದಿದೆ.