ಅವರೆಕಾಳಿಗಾಗಿ ಹೇಳಿದ ಸುಳ್ಳು

ಮೊಮ್ಮಕ್ಕಳೇ, ನಿಮ್ಮ ದೊಡ್ಡಕ್ಕ ಬೆಂಗಳೂರಿನಲ್ಲಿ ನಕ್ಷತ್ರಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವುದು ನಿಮಗೆಲ್ಲ ಗೊತ್ತು. ಆ ಓದಿನಲ್ಲಿ ನನ್ನದೂ ಒಂದು ಸುಳ್ಳು ಸೇರಿಕೊಂಡಿರುವುದು ಗೊತ್ತಿಲ್ಲ. ಎದುರಿಗೆ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಅವರೆಕಾಯಿ ಕಾಲದಲ್ಲಿ, ಒಂದು ಶುಕ್ರವಾರ, ಅವಳು ಕನಕಪುರದ ಬಸ್ಸಿಳಿದು ನಮ್ಮೂರಿಗೆ ಬಂದಳು. ಮುಖ ಬಾಡಿತ್ತು. ಸೋಮವಾರ ಮೇಷ್ಟ್ರುಗಳ ಮುಂದೆ ನಿಂತು ತನ್ನ ಕೆಲಸವನ್ನು ವಿವರಿಸಬೇಕಿತ್ತು. ಅವರು ಒಪ್ಪಿದರೆ ಮಾತ್ರ ಓದು ಮುಂದಕ್ಕೆ. ಹಿಂದಿನ ಸಲ ಒಬ್ಬ ಮೇಷ್ಟ್ರು "ಅರ್ಥವಾಗಲಿಲ್ಲ" ಎಂದ ಕೂಡಲೇ ಇವಳ ನಾಲಿಗೆ ಕಟ್ಟಿಹೋಗಿತ್ತಂತೆ. ಆ ಗುಣ ನನ್ನದೇ. ಸ್ಕೂಲಿನಲ್ಲಿ ಪದ್ಯ ಹೇಳೆಂದರೆ ನಾನು ಕಂಬದ ಹಿಂದೆ ನಿಂತು ಹೇಳುತ್ತಿದ್ದವಳು. "ಮೊದಲು ನಿಮ್ಮಜ್ಜಿಗೆ ಅರ್ಥವಾಗುವ ಹಾಗೆ ಹೇಳಿ ಬಾ" ಎಂದು ಅವಳ ಗೈಡ್ ಕಳಿಸಿದ್ದರು.

ನಕ್ಷತ್ರ ಓದುವವಳು ರಾತ್ರಿಯೆಲ್ಲ ಅಂಗಳದಲ್ಲಿ ಕೂರುತ್ತಾಳೆಂದು ನಾನು ಚಾಪೆ ತೆಗೆದಿಟ್ಟಿದ್ದೆ. ಅವಳು ಸಂಜೆಯೇ ಲ್ಯಾಪ್‌ಟಾಪ್ ಬಿಚ್ಚಿ ಎಲ್ಲ ಹೇಳಿ ಮುಗಿಸಿ, ಎಂಟೂವರೆಗೆ ಗೊರಕೆ ಹೊಡೆದಳು.

ಅವಳು ತೋರಿಸಿದ ಗ್ಯಾಲಕ್ಸಿಯ ಚಿತ್ರ ಥೇಟ್ ನಮ್ಮ ಚಂದ್ರಿಕೆ. ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿಡುತ್ತೇವಲ್ಲ, ಸುರುಳಿ ಸುತ್ತಿದ ಆ ಬಿದಿರಿನ ತಟ್ಟಿ. ಸುರುಳಿಯುದ್ದಕ್ಕೂ ಗೂಡುಗಳ ಹಾಗೆ ನಕ್ಷತ್ರಗಳು. ನೋಡಿದ ಮೇಲೆ ನನಗೆ ಬೇಕಾದಷ್ಟು ಅರ್ಥವಾಗಿತ್ತು. ಬೆಳಿಗ್ಗೆ ಹಾಗೆಂದು ಹೇಳಿದರಾಯಿತು, ಮಧ್ಯಾಹ್ನದ ಬಸ್ಸಿಗೆ ಹೊರಡಲಿ ಎಂದುಕೊಂಡೆ.

ಆದರೆ ಬೆಳಿಗ್ಗೆ ಮಾಗಡಿಯಿಂದ ನನ್ನ ತಂಗಿ ಒಂದು ಮೂಟೆ ಅವರೆಕಾಯಿ ಕಳಿಸಿದಳು. ಬಿಡಿಸಬೇಕು, ನೆನೆಹಾಕಬೇಕು, ಮಾರನೆಯ ದಿನ ಕೂತು ಒಂದೊಂದೇ ಕಾಳನ್ನು ಹಿತುಕಿ ಸಿಪ್ಪೆ ಕಳಚಬೇಕು. ಒಂದು ಜೊತೆ ಕೈಯಲ್ಲಿ ಆಗುವ ಕೆಲಸವಲ್ಲ.

"ಅರ್ಥ ಆಯ್ತಾ ಅಜ್ಜಿ?" ಎಂದಳು.

"ಎಲ್ಲಿ ಮಗ, ಒಂದೂ ತಲೆಗೆ ಹೋಗ್ನಿಲ್ಲ. ಕಾಯಿ ಬಿಡಿಸ್ತಾ ಇನ್ನೊಂದ್ ಸಲ ಹೇಳು."

ಹೇಳಿದಳು. ಬಸ್ಸು ಹೋಯಿತು. ಸಂಜೆ ಮತ್ತೆ ಕೇಳಿದಳು.

"ಒಸಿ ಅರ್ಥ ಆಗಿತ್ತು, ಆಮೇಲೆ ಹೊಂಟೋಯ್ತು" ಎಂದೆ. ಮೂರನೆಯ ಸಲ ಹೇಳಿದಳು.

ಭಾನುವಾರ ಬೆಳಿಗ್ಗೆ ಕಾಳು ಹಿತುಕುತ್ತಾ ನಾಲ್ಕನೆಯ ಸಲ ಹೇಳಿದಳು. ಅಷ್ಟು ಹೊತ್ತಿಗೆ ದೊಡ್ಡ ದೊಡ್ಡ ಇಂಗ್ಲಿಷ್ ಮಾತುಗಳೆಲ್ಲ ಸಿಪ್ಪೆಯಂತೆ ಕಳಚಿಬಿದ್ದಿದ್ದವು, ದನಿ ಏರಿತ್ತು. ಸಿಟ್ಟಿನಲ್ಲಿ ಅವಳು ಹಿತುಕಿದ ಬೇಳೆಯೊಂದು ಹಾರಿ ಬಂದು ನನ್ನ ಕನ್ನಡಕಕ್ಕೆ ಬಡಿಯಿತು.

ಅವಳು ಸ್ನಾನಕ್ಕೆ ಹೋದಾಗ ಪಕ್ಕದ ಮನೆಯಿಂದ ನನ್ನ ಓರಗಿತ್ತಿ ಬಂದರು. ನನ್ನ ಭಾವನ ಹೆಂಡತಿ, ನನಗಿಂತ ಹಿರಿಯರು.

"ಅದೇನ್ ಓದ್ತಾವ್ಳೆ ನಿನ್ ಮೊಮ್ಮಗಳು?"

ಅವರೊಬ್ಬರ ಮುಂದೆ ನನಗೆ ನಾಚಿಕೆಯಿಲ್ಲ. "ಆಕಾಸ್ದಲ್ಲಿ ಚಂದ್ರಿಕೆ ತರದ್ದು ಐತೆ ಕಣಕ್ಕ. ಅದ್ರ ತುಂಬ ಹೊಗೆ ತರ ಗ್ಯಾಸು. ಅದು ತಣ್ಣಗಾದ್ರೆ ಮುದ್ದೆ ಕಟ್ಕಂಡು ನಕ್ಷತ್ರ ಆಯ್ತದೆ."

"ತಣ್ಣಗಾದ್ಮೇಲೆ ಎಲ್ಲಾದ್ರೂ ಮುದ್ದೆ ಕಟ್ಟಾಕಾದದಾ?"

"ಅದು ನಮ್ಮ ಒಲೆ ಅಲ್ಲ ಕಣಕ್ಕ. ಅಲ್ಲಿ ಬಿಸಿ ಇದ್ರೇನೇ ಮುದ್ದೆ ಕಟ್ಟಾಕಿಲ್ಲ. ಹೊಸ ನಕ್ಷತ್ರ ಹುಟ್ಟಿದ್ ಕಡೆ ಗ್ಯಾಸು ಕೆಂಪಗೆ ಹೊಳೀತದಂತೆ, ಇವ್ಳು ಆ ಕೆಂಪ ಅಳೀತಾಳೆ. ಕೆಲವು ಕಡೆ ಗ್ಯಾಸು ಇದ್ರೂ ಹುಟ್ಟೋದು ನಿಂತೋಗದೆ. ಅದ್ಯಾಕೆ ಅಂತ ಹುಡುಕ್ತಾವ್ಳೆ."

ಬಚ್ಚಲ ಬಾಗಿಲು ತೆರೆದಿತ್ತು. ಒದ್ದೆ ಕೂದಲಿನಲ್ಲಿ ಅವಳು ನಿಂತಿದ್ದಳು.

"ಅಜ್ಜಿ, ತಲೆಗೆ ಹೋಗ್ನಿಲ್ಲ ಅಂದಿದ್ದೆ."

"ಈಗ್ ತಾನೆ ಹೋಯ್ತು" ಎಂದೆ.

"ಸುಳ್ಳು ಕಣವ್ವ" ಎಂದರು ಓರಗಿತ್ತಿ. "ಕಾಳು ಹಿತುಕ್ಸಾಕೆ ನಿನ್ನ ಇಟ್ಕಂಡವ್ಳೆ. ಹೋದ್ ಸಲ ಸೊಂಟ ನೋವು ಅಂತ ನನ್ನ ಇಟ್ಕಂಡಿದ್ಲು."

ಅವಳು ನನ್ನೊಡನೆ ಮಾತಾಡದೆ ಹಿತುಕಿದ ಬೇಳೆ ಸಾರಿನಲ್ಲಿ ಎರಡು ಮುದ್ದೆ ಉಂಡು, ಸಂಜೆಯ ಬಸ್ಸು ಹತ್ತಿದಳು.

ಸೋಮವಾರ ನಾನು ಫೋನನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಅವರೆಕಾಯಿಗಾಗಿ ಮಗುವಿನ ಎರಡು ದಿನ ಹಾಳುಮಾಡಿದೆನಲ್ಲ ಎಂದು ಊಟವೂ ಸೇರಲಿಲ್ಲ. ಮೂರು ಗಂಟೆಗೆ ಫೋನು ಬಂತು.

"ಮುಂದಕ್ಕೆ ಓದು ಅಂದ್ರು ಅಜ್ಜಿ. ಅದೇ ಮೇಷ್ಟ್ರು ಇವತ್ತೂ ಅರ್ಥ ಆಗ್ಲಿಲ್ಲ ಅಂದ್ರು. ಇವರೂ ಮನೇಲಿ ಅವರೆಕಾಳು ನೆನೆಹಾಕಿ ಬಂದಿರ್ಬೇಕು ಅನ್ನಿಸ್ತು. ನಗು ಬಂದ್ಬುಡ್ತು. ಇನ್ನೊಂದ್ ಸಲ ಹೇಳ್ದೆ."

ಅಂದಿನಿಂದ ಅವಳು ನನ್ನನ್ನು ನಂಬುವುದಿಲ್ಲ. ಫೋನಿನಲ್ಲಿ ಏನನ್ನೋ ವಿವರಿಸುತ್ತಿರುವಾಗ ನಾನು ನಿಜವಾಗಿಯೂ ಅರ್ಥವಾಗದೆ "ಇನ್ನೊಂದ್ ಸಲ ಹೇಳು" ಎಂದರೂ, "ಏನ್ ನೆನೆಹಾಕಿದ್ದೀಯ ಅಜ್ಜಿ?" ಎಂದು ಕೇಳುತ್ತಾಳೆ.