ಹುಲುಗೇಶನ ಸಾರಿನ ರೇಸು

ಕುರುಗೋಡಿನ ಹುಲುಗೇಶ ಮದುವೆ ಅಡುಗೆ ಸಾಗಿಸುವ ಟೆಂಪೋ ಓಡಿಸುತ್ತಾನೆ. ಮೊಬೈಲಿನಲ್ಲಿ ಗುಡ್ಡದ ದಾರಿಯ ಕಾರ್ ರೇಸು ನೋಡಲು ಶುರುಮಾಡಿದ ಮೇಲೆ ಬರೀ 'ಡ್ರೈವರ್' ಎಂದರೆ ಓಗೊಡುವುದಿಲ್ಲ.

ಮೊನ್ನೆ ಬಳ್ಳಾರಿಯ ಛತ್ರಕ್ಕೆ ಮುನ್ನೂರು ಜನರ ಸಾರು ಒಯ್ಯಬೇಕಿತ್ತು. ಹಿಂದಿನ ಸಲ ದಿಬ್ಬ ಹಾರಿಸಿ ಅರ್ಧ ಸಾರನ್ನು ಡಾಂಬರಿಗೆ ಬಡಿಸಿದ್ದ. ಈ ಸಲವೂ ಚೆಲ್ಲಿದರೆ ಬೇರೆ ಟೆಂಪೋ ಹಿಡಿಯುತ್ತೇನೆಂದು ಗದರಿಸಿ ಅಡುಗೆಯ ಕೊಟ್ರಮ್ಮ ಪಕ್ಕದಲ್ಲೇ ಕೂತಿದ್ದಳು.

"ದಿಬ್ಬದ ನೆತ್ತಿಮ್ಯಾಲೆ ಗಾಡಿ ಹಗುರಾಗತೈತಿ ಅಕ್ಕಾ. ಅಲ್ಲಿ ಬ್ರೇಕ್ ಹಾಕಿದ್ರ ಜಾರತೈತಿ. ಅದಕ್ಕ ರೇಸಿನವ್ರು ಮೊದಲೇ ಬ್ರೇಕ್ ಹಾಕಿ, ಸ್ಟೇರಿಂಗ್ ನೆಟ್ಟಗ ಹಿಡಿದು ದಾಟತಾರ. ಆಮ್ಯಾಲೆ ಸ್ಪೀಡು!"

"ಅವರ ಹಿಂದ ಸಾರಿನ ಬೋಗಾಣಿ ಇರತೈತೇನಲೇ? ಮುಂದ ನೋಡು."

ಹುಲುಗೇಶ ಪ್ರತಿ ದಿಬ್ಬಕ್ಕೂ, ಪ್ರತಿ ರಸ್ತೆ ಉಬ್ಬಿಗೂ ಮೊದಲೇ ಬ್ರೇಕ್ ಹಾಕಿದ. 'ಸ್ಪೀಡು' ಬರುವಷ್ಟರಲ್ಲಿ ಮುಂದಿನ ಉಬ್ಬು ಬರುತ್ತಿತ್ತು. ಎತ್ತಿನ ಬಂಡಿಯೊಂದು ಅವರನ್ನು ಹಿಂದೆ ಹಾಕಿತು.

"ಗಾಡಿ ಕೆಟ್ಟೈತೇನ್ರಿ?" ಎಂದ ಬಂಡಿಯವ.

"ರೇಸ್ ನಡಸೀನಿ," ಎಂದ ಹುಲುಗೇಶ ಗಂಭೀರವಾಗಿ.

ಛತ್ರ ತಲುಪಿದಾಗ ಮೊದಲ ಪಂಕ್ತಿಯವರು ಹಪ್ಪಳ ಮುಗಿಸಿ ಬರೀ ಅನ್ನ ನೋಡುತ್ತ ಕೂತಿದ್ದರು. ಕೊಟ್ರಮ್ಮ ಮುಚ್ಚಳ ತೆಗೆದಳು. ಒಂದು ಹನಿಯೂ ಚೆಲ್ಲಿರಲಿಲ್ಲ.

"ಮುಂದಿನ ಮದುವಿಗೂ ನೀನೇ ಬಾ," ಎಂದಳು. "ಆದ್ರ ಹಿಂದಿನ ದಿನಾನೇ ಹೊರಡೋಣು."