ಗುಟುಕಣ್ಣ ಒಪ್ಪಿದ ನೀರು

ಗುಟುಕಣ್ಣ ತೀರಿಕೊಂಡು ಇಪ್ಪತ್ತೆರಡು ದಿನವಾಯಿತು. ಮೂತ್ರಕೋಶದ ಕ್ಯಾನ್ಸರ್ ಎಂದು ಡಾಕ್ಟರು ಬರೆದುಕೊಟ್ಟರು. ಪಂಪ್‌ಹೌಸಿನ ಮೊಳೆಗೆ ಈಗ ಬೇರೆಯವನ ಅಂಗಿ ತೂಗುತ್ತಿದೆ.

ಇಪ್ಪತ್ತಾರು ವರ್ಷ ಅವನು ಊರಿಗೆ ನೀರು ಬಿಟ್ಟ. ದಿನಾ ಬೆಳಿಗ್ಗೆ ಟ್ಯಾಂಕಿನ ನಲ್ಲಿಗೆ ಬೊಗಸೆಯೊಡ್ಡಿ, ಒಂದು ಗುಟುಕು ಬಾಯಲ್ಲಿ ಆಡಿಸಿ ನುಂಗಿ, ಆಮೇಲೆಯೇ ವಾಲ್ವಿನ ಚಕ್ರಕ್ಕೆ ಕೈ ಹಾಕುವನು. ಯಾರೂ ಹೇಳಿಕೊಟ್ಟದ್ದಲ್ಲ. ಹೆಸರು ಬಂದದ್ದು ಅದರಿಂದಲೇ. ನೀರು ಹೇಗಿದೆ ಎಂದು ಹೊಸಬರು ಕೇಳಿದರೆ ಊರವರು, "ಗುಟುಕಣ್ಣ ಕುಡಿದಿದಾನೆ ಬಿಡಿ" ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಅವನ ಕಾಲು ನೆಲದ ಮೇಲಿರುತ್ತಿರಲಿಲ್ಲ.

ಊರಿಗೆ ನೀರು ಕೊಡುವ ಕೊಳವೆಬಾವಿಯ ಆಚೆ ಹಳೆಯ ಕಲ್ಲುಗಣಿಯ ಹೊಂಡವಿದೆ. ಕೀಟನಾಶಕ ಕಾರ್ಖಾನೆಯ ಟ್ಯಾಂಕರುಗಳು ಅಲ್ಲಿ ಕೆಸರು ಸುರಿಯತೊಡಗಿದ ಮೊದಲ ವರ್ಷ ನೀರು ನಾರಿತು. ಗುಟುಕಣ್ಣ ಬ್ಲೀಚಿಂಗ್ ಪೌಡರ್ ಒಂದು ಮಗ್ಗು ಹೆಚ್ಚಿಗೆ ಹಾಕಿದ. ವಾಸನೆ ಹೋಯಿತು. ನಾಲಗೆಗೆ ಏನೂ ತಿಳಿಯಲಿಲ್ಲ. ಅವನ ನಾಲಗೆ ಒಪ್ಪಿದ್ದನ್ನು ಊರೂ ಒಪ್ಪಿತು, ಒಂಬತ್ತು ವರ್ಷ.

ಅಂಗೈಯಲ್ಲಿ ಸಾಸಿವೆಯಂಥ ಗಂಟುಗಳು ಎದ್ದಾಗ, ಚಕ್ರ ತಿರುಗಿಸಿ ಜಡ್ಡುಗಟ್ಟಿದೆ ಎಂದುಕೊಂಡ. ಬೆನ್ನಿಗೆ ಕಪ್ಪು ಚುಕ್ಕೆ ಬಂದಾಗ ತಪ್ಪನ್ನು ಬಿಸಿಲಿನ ಮೇಲೆ ಹಾಕಿದ.

ಆ ಒಂಬತ್ತನೆಯ ವರ್ಷ, ಒಂದು ಭಾನುವಾರ ಹೆಂಡತಿ ಹೊಲಿಯುತ್ತ ಕುಳಿತಿದ್ದಳು.

"ರೀ, ರೇಷ್ಮೆ ಮುಟ್ಟಿದ್ರೆ ನೂಲು ಕೈಗೆ ಸಿಕ್ಕೊಂಡು ಬರತ್ತೆ. ನಿಮ್ಮ ಜಡ್ಡು ನಂಗೂ ಅಂಟ್ತೋ ಏನೋ," ಎಂದು ನಕ್ಕಳು.

ಅವನು ಅವಳ ಕೈ ಎಳೆದು ತನ್ನ ಕೈಯ ಪಕ್ಕ ಇಟ್ಟುಕೊಂಡ. ಅವೇ ಗಂಟುಗಳು. ಅವಳು ಒಂದು ದಿನವೂ ವಾಲ್ವ್ ತಿರುಗಿಸಿದವಳಲ್ಲ.

ಸೋಮವಾರ ನೀರು ಸರಬರಾಜು ಇಂಜಿನಿಯರರ ಮೇಜಿನ ಮುಂದೆ ನಿಂತ. "ನೀರು ನಿಲ್ಲಿಸ್ಬೇಕು ಸಾರ್."

"ಇಷ್ಟು ವರ್ಷ ಎಲ್ಲರಿಗಿಂತ ಮೊದಲು ಕುಡ್ದೋನು ನೀನು. ಗುಂಡುಕಲ್ಲಿನ ಹಾಗಿದೀಯ."

ಅವನು ಅಂಗೈ ತೋರಿಸಿದ.

"ಚರ್ಮದ ಡಾಕ್ಟರಿಗೆ ತೋರ್ಸಪ್ಪ. ನಂಗ್ಯಾಕೆ?"

ಮಂಗಳವಾರ ವಾಲ್ವಿಗೆ ಸರಪಳಿ ಸುತ್ತಿ ಬೀಗ ಜಡಿದು, ಪಂಪ್‌ಹೌಸಿನ ಹೊಸ್ತಿಲಲ್ಲಿ ಕುಳಿತ. ಎಂಟು ಗಂಟೆಯ ಹೊತ್ತಿಗೆ ಖಾಲಿ ಕೊಡಗಳೊಂದಿಗೆ ಜನ ಬಂದರು.

"ಏನಣ್ಣ, ಇವತ್ತು ಗಂಟಲು ಕಟ್ಟಿದ್ಯಾ?" ಎಂದಳು ಇಸ್ತ್ರಿ ಅಂಗಡಿಯಾಕೆ. ಎಲ್ಲರೂ ನಕ್ಕರು. "ಒಂದು ಗುಟುಕು ಕುಡ್ದು ತೋರ್ಸು, ನಮಗಷ್ಟು ಸಾಕು."

"ಅಲ್ಲೇ ತಪ್ಪಾಗಿದ್ದು ತಂಗಿ. ನನ್ನ ನಾಲಿಗೆ ನಂಬ್ಕೊಂಡು ನಿಮಗೆಲ್ಲ ಕುಡಿಸ್ಬಿಟ್ಟೆ." ಅವನು ಎರಡೂ ಅಂಗೈ ಚಾಚಿದ. "ಇದು ಜಡ್ಡಲ್ಲ. ನನ್ನ ಹೆಂಡ್ತಿಗೂ ಇದೆ. ನಿಮ್ಮ ಕೈ ನೋಡ್ಕೊಳ್ಳಿ."

ನಗುತ್ತಿದ್ದವರಲ್ಲಿ ಒಬ್ಬಾತ ಕೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿದ. ಇಸ್ತ್ರಿಯಾಕೆ ತನ್ನ ಅಂಗೈ ನೋಡಿಕೊಳ್ಳಲಿಲ್ಲ. ಅದು ಒರಟಾಗಿದ್ದರೆ ಹೇಳಲು ಇಸ್ತ್ರಿಪೆಟ್ಟಿಗೆಯ ನೆಪವಿತ್ತು. ಅವಳು ಕೊಡ ಕೆಳಗಿಟ್ಟು, ಸೆರಗು ಹಿಡಿದು ನಿಂತಿದ್ದ ಎಂಟು ವರ್ಷದ ಮಗಳ ಮುಷ್ಟಿಯನ್ನು ಬೆಳಕಿಗೆ ತಿರುಗಿಸಿ, ಒಂದೊಂದೇ ಬೆರಳು ಬಿಡಿಸತೊಡಗಿದಳು.